ಬೀಸೋ ಕಲ್ಲಿನ ಸದ್ದು, ನಿಲ್ಲದ ಮೂರನೇ ಗೇರು

12 ಜುಲೈ 2024, ಶುಕ್ರವಾರ ರಾತ್ರಿ
ಕೋಲಾರ

ಕೈಯಿಂದ ಗೇರ್ ಆಯಿಲ್ ವಾಸನೆ ಇನ್ನೂ ಹೋಗಿಲ್ಲ. ಮೂರು ಸಲ ಸರ್ಫ್ ಹಾಕಿ ಉಜ್ಜಿದೀನಿ. ಆ ಎಣ್ಣೇಲಿ ಗಂಧಕ ಇರುತ್ತಲ್ಲ, ಅದಕ್ಕೇ ಕೊಳೆತ ಮೊಟ್ಟೆ ಥರ ನಾರೋದು, ಅನ್ನ ತಿಂದ್ರೂ ಅದೇ ವಾಸನೆ. ಇರ್ಲಿ, ನಿದ್ದೆ ಬರ್ತಿಲ್ಲ, ಇವತ್ತಿನ ಕಥೆ ಬರೆದಿಡ್ತೀನಿ.

ನಮ್ಮ ಲಾರಿ ಗೇರ್ ಬಾಕ್ಸಲ್ಲಿ ಸದ್ದು ಶುರುವಾಗಿ ಎರಡು ತಿಂಗಳಾಯ್ತು. ಗಾಡಿ ನಿಲ್ಸಿ ನ್ಯೂಟ್ರಲ್‌ನಲ್ಲಿ ಬಿಟ್ರೆ ಕೆಳಗಿಂದ ರಾಗಿ ಬೀಸೋ ಕಲ್ಲಿನ ಥರ ಗರಗರ ಗರಗರ. ನಾನು ಹಳೇ ಗಾಡಿ, ಅಪ್ಪನ ಕಾಲದ್ದು, ಏನೋ ಮಾತಾಡುತ್ತೆ ಬಿಡು ಅಂತ ಟೇಪ್ ರೆಕಾರ್ಡರ್ ಸೌಂಡ್ ಜಾಸ್ತಿ ಮಾಡ್ಕೊಂಡು ಓಡಿಸ್ತಿದ್ದೆ. ಆದ್ರೆ ಮಂಗಳವಾರ ರಾತ್ರಿ ಟೊಮೇಟೊ ಲೋಡ್ ಹಾಕ್ಕೊಂಡು ಮುಳಬಾಗಿಲು, ನಂಗಲಿ, ಪಲಮನೇರು ದಾಟಿ ಮೊಗಿಲಿ ಘಾಟ್ ಇಳೀತಿದ್ದಾಗ ಮೂರನೇ ಗೇರು ಟಪ್ ಅಂತ ತಾನಾಗೇ ನ್ಯೂಟ್ರಲ್‌ಗೆ ಬಂದ್ಬಿಡ್ತು. 15 ಕೆಜಿ ಬಾಕ್ಸು ನಾನೂರರ ಮೇಲಿತ್ತು, ಇಳಿಜಾರು, ಗಾಡೀನ ಹಿಡಿದಿದ್ದ ಇಂಜಿನ್ನೇ ಕೈ ಬಿಟ್ಟಂಗೆ, ಬ್ರೇಕ್ ಒತ್ತಿ ಡಬಲ್ ಕ್ಲಚ್ ಹೊಡ್ದು ರೇಸ್ ಕೊಟ್ಟು ಗೇರು ತೂರಿಸೋ ಅಷ್ಟರಲ್ಲಿ ಬನಿಯನ್ ಒದ್ದೆ. ಪಕ್ಕದಲ್ಲಿ ಕ್ಲೀನರ್ ಹುಡುಗ ಗೊರಕೆ ಹೊಡೀತಿದ್ದ, ಪುಣ್ಯವಂತ.

ವಾಪಸ್ ಬಂದು ನಿನ್ನೆ ಒಂದು ವರ್ಕ್‌ಶಾಪಿಗೆ ಹೋದೆ. ಬಾನೆಟ್ ಎತ್ತಲಿಲ್ಲ, ಗಾಡಿ ಹತ್ತಲಿಲ್ಲ, ಹೊರಗೆ ನಿಂತು ಕೇಳಿ "ಗೇರೆಲ್ಲಾ ಹೋಗಿದೆ, ಫುಲ್ ಸೆಟ್ ಹಾಕ್ಬೇಕು" ಅಂದ್ರು. ಹೇಳಿದ ರೇಟಿಗೆ ಅರ್ಧ ಸೀಸನ್ ದುಡಿಮೆ ಹೋಗ್ತಿತ್ತು. ಅದಕ್ಕೇ ಇವತ್ತು ಬೆಳಗ್ಗೆ ಟಮಕದ ಹತ್ರ ನಮ್ಮಪ್ಪನ ಕಾಲದ ಮೇಸ್ತ್ರಿ ಹತ್ರ ಹೋದೆ. ವಯಸ್ಸಾಗಿದೆ, ಕಿವಿ ಸ್ವಲ್ಪ ಮಂದ, ಆದ್ರೆ ಗೇರ್ ಬಾಕ್ಸ್ ಮಾತ್ರ ಚೆನ್ನಾಗಿ ಕೇಳುತ್ತೆ.

"ಏಮಪ್ಪಾ, ಅಪ್ಪ ಚೆನ್ನಾಗವ್ನಾ? ಸ್ಟಾರ್ಟ್ ಮಾಡು" ಅಂದ್ರು. ಮಾಡಿದೆ, ಗರಗರ. "ಈಗ ಕ್ಲಚ್ ಒತ್ತು." ಒತ್ತಿದೆ. ಸದ್ದು ತಕ್ಷಣ ನಿಲ್ಲಲ್ಲ, ಎರಡು ಮೂರು ಸೆಕೆಂಡು ಇಳೀತಾ ಇಳೀತಾ ಸುಮ್ನಾಯ್ತು. ಕಾಲು ಬಿಟ್ರೆ ಮತ್ತೆ ಬಂತು. ಇದನ್ನ ಐದಾರು ಸಲ ಮಾಡ್ಸಿದ್ರು, ನನಗೆ ಬೇಜಾರಾಯ್ತು, ಆಮೇಲೆ ಬೀಡಿ ಹಚ್ಕೊಂಡು ಹೇಳಿದ್ರು. ಕ್ಲಚ್ ಒತ್ತಿದಾಗ ಸದ್ದು ಬಂದಿದ್ರೆ ರಿಲೀಸ್ ಬೇರಿಂಗು, ಇಲ್ಲ ಫ್ಲೈವೀಲ್ ಮಧ್ಯದ ಸಣ್ಣ ಬೇರಿಂಗು. ಒತ್ತಿದಾಗ ಹೋಗ್ತೈತೆ ಅಂದ್ರೆ ಕ್ಲಚ್ಚಿಂದ ಸುತ್ತೋದು ಯಾವುದೋ ಅದು, ಗೇರ್ ಬಾಕ್ಸೊಳಗೆ ಮೇಲಿರೋ ದಂಡ ಟಾಪ್ ಶಾಫ್ಟು, ಇಲ್ಲ ಅದರ ಕೆಳಗಿರೋ ದಂಡ ಲೇ ಶಾಫ್ಟು. ನ್ಯೂಟ್ರಲ್‌ನಲ್ಲೂ ಅವೆರಡೂ ಸುಮ್ನೆ ಕೂರಲ್ಲ, ಕಾಲು ಪೆಡಲ್ ಮೇಲಿಲ್ಲದಿದ್ರೆ ತಿರುಗ್ತಾನೇ ಇರ್ತವೆ. ಇಷ್ಟು ವರ್ಷ ಓಡ್ಸಿದೀನಿ, ನ್ಯೂಟ್ರಲ್ ಅಂದ್ರೆ ಒಳಗೆಲ್ಲಾ ರೆಸ್ಟು ಅಂತಾನೇ ನಾನು ಅನ್ಕೊಂಡಿದ್ದು.

ಆಮೇಲೆ ಉದ್ದದ ಸ್ಕ್ರೂಡ್ರೈವರ್ ತಗೊಂಡು ಗಾಡಿ ಕೆಳಗೆ ಮಲ್ಕೊಂಡ್ರು. ತುದಿ ಗೇರ್ ಬಾಕ್ಸ್ ಹೌಸಿಂಗ್ ಮೇಲೆ, ಹಿಡಿ ಕಿವಿಗೆ. ಮುಂದೆ ಮೇಲೆ, ಮುಂದೆ ಕೆಳಗೆ, ಹಿಂದೆ, ಒಂದೊಂದು ಕಡೆ ಇಟ್ಟು ಕೇಳಿದ್ರು. ನನಗೂ ಕೇಳ್ಸಿದ್ರು. ಹಿಂದೆ ಬರೀ ಗುಂಯ್ ಅನ್ನುತ್ತೆ, ಮುಂದೆ ಮೇಲ್ಗಡೆ ಇಟ್ರೆ ಕಿವಿಯೊಳಗೇ ಜಲ್ಲಿ ಸುರಿದಂಗೆ.

ನರಸಾಪುರದ ತನಕ ಹೈವೇಲಿ ಟ್ರಯಲ್ ಹೋದ್ವಿ. ಪ್ರತಿ ಗೇರಲ್ಲೂ ಸದ್ದು, ಟಾಪ್ ಗೇರಿಗೆ ಬಂದ್ಮೇಲೆ ಸುಮಾರು ಕಮ್ಮಿ. ಈ ಗಾಡೀಲಿ ಟಾಪ್ ಗೇರು ಅಂದ್ರೆ ಡೈರೆಕ್ಟು, ಇಂಜಿನ್ ಬಲ ಲೇ ಶಾಫ್ಟಿಗೆ ಇಳಿದು ಮತ್ತೆ ಹತ್ತಲ್ಲ, ನೇರ ಹಿಂದಕ್ಕೆ ಹೋಗುತ್ತೆ, ಹಲ್ಲು ಹಲ್ಲನ್ನ ತಳ್ಳೋ ಭಾರ ಬೇರಿಂಗ್ ಮೇಲೆ ಬೀಳಲ್ಲ. ಸಪಾಟು ರೋಡಲ್ಲಿ ನ್ಯೂಟ್ರಲ್ ಮಾಡಿ ಗಾಡಿ ತಾನೇ ಉರುಳೋಕೆ ಬಿಡು ಅಂದ್ರು, ಸ್ಪೀಡ್ ಇಳಿದ್ರೂ ಸದ್ದು ಅದರ ಜೊತೆ ಇಳೀಲಿಲ್ಲ, ಅಂದ್ರೆ ಗೇರ್ ಬಾಕ್ಸಿಂದ ಹಿಂದಿನ ಚಕ್ರದ ಕಡೆ ಹೋಗೋ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಸೆಂಟರ್ ಬೇರಿಂಗ್, ಕ್ರೌನ್ ಪಿನಿಯನ್ ಎಲ್ಲಾ ಬಚಾವು. ಮೂರನೇ ಗೇರಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಗೇರು ಜಾಗದಲ್ಲೇ ನಿಲ್ಲುತ್ತೆ, ಕಾಲು ಎತ್ತಿದ್ರೆ ಲಿವರ್ ನಡುಗಿ ಟಪ್.

"ನಿನ್ನ ಕೈ ಎಲ್ಲೈತೆ?" ಅಂದ್ರು.

ಲಿವರ್ ಮೇಲಿತ್ತು. ತೆಗೆದೆ. ಅವರು ಏನೂ ಅನ್ನಲಿಲ್ಲ.

ಬಂದ ತಕ್ಷಣ ಬಿಸಿ ಇರೋವಾಗ್ಲೇ ಎಣ್ಣೆ ಇಳ್ಸಿದ್ವಿ. ಬರಬೇಕಾದ್ದಕ್ಕಿಂತ ಒಂದೂವರೆ ಲೀಟರ್ ಕಮ್ಮಿ. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ವಿಭೂತಿ ಕಲಸಿದಂಗೆ ಬೂದು ಪೇಸ್ಟು ಇದ್ರೆ ಹೆದರೋದು ಬೇಡವಂತೆ, ಅದು ಎಲ್ಲಾ ಗೇರ್ ಬಾಕ್ಸಲ್ಲೂ ಸವೆದು ಬರೋದು. ನಮ್ಮದರಲ್ಲಿ ಅದರ ಜೊತೆ ಬೆಳ್ಳಿ ಚಕ್ಕೆ, ಉಗುರಿಗೆ ಸಿಗೋ ಅಷ್ಟು ದಪ್ಪ. ಎಣ್ಣೆ ಬಿಸಿಲಿಗೆ ಹಿಡಿದು ಹೆಬ್ಬೆಟ್ಟಲ್ಲಿ ಉಜ್ಜಿದ್ರು, ಹಳದಿ ಮಿಂಚು ಇತ್ತು ಆದ್ರೆ ಸ್ವಲ್ಪಾನೇ, ಅದು ಗೇರು ಮೆತ್ತಗೆ ಬೀಳೋಕೆ ಇರೋ ಸಿಂಕ್ರೊನೈಸರ್ ಕೋನ್‌ಗಳ ಹಿತ್ತಾಳೆ. ದೊಡ್ಡ ತುಂಡು, ಹಲ್ಲಿನ ಚೂರು ಯಾವುದೂ ಇಲ್ಲ. "ಗೇರು ಹೋಗಿಲ್ಲ ಬಿಡು" ಅಂದಾಗ ನನಗೆ ಉಸಿರು ಬಂತು, ಟೀ ತರ್ಸಿದೆ.

ಎಣ್ಣೆ ಕಮ್ಮಿ ಯಾಕಾಯ್ತು ಅಂದ್ರೆ ಗೇರ್ ಬಾಕ್ಸ್ ಮೇಲೆ ಗಾಳಿ ಆಡೋಕೆ ಇರೋ ಸಣ್ಣ ತೂತು, ಬ್ರೀದರ್, ಮಣ್ಣು ಕಟ್ಕೊಂಡು ಕಲ್ಲಾಗಿದೆ. ತೋಟದ ದಾರೀಲೇ ಗಾಡಿ ಓಡಾಡೋದು, ಅದನ್ನ ಯಾರು ನೋಡ್ತಾರೆ. ಒಳಗೆ ಬಿಸಿ ಆದ ಗಾಳಿಗೆ ದಾರಿ ಇಲ್ದೆ ಹಿಂದಿನ ಆಯಿಲ್ ಸೀಲ್ ಕಡೆಯಿಂದ ಎಣ್ಣೆ ದಬ್ಬಿದೆ. ಲೇ ಶಾಫ್ಟು ತಳದಲ್ಲಿ ಮುಳುಗಿರುತ್ತೆ, ಅದಕ್ಕೆ ಎಣ್ಣೆ ಸಿಕ್ಕೇ ಸಿಗುತ್ತೆ, ಮೊದ್ಲು ಬಾಯಿ ಒಣಗೋದು ಮೇಲಿರೋ ಬೇರಿಂಗುಗಳಿಗೆ.

ಊಟ ಆದ್ಮೇಲೆ ಗೇರ್ ಬಾಕ್ಸ್ ಕೆಳಗಿಳ್ಸಿದ್ವಿ, ನಾಲ್ಕು ಜನ, ಒಂದು ಜ್ಯಾಕು, ಬೈಗುಳ ಬೇಕಾದಷ್ಟು. ಟಾಪ್ ಶಾಫ್ಟಿನ ಮೂತಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದ್ರೆ ಟಕಟಕ ಅನ್ನುತ್ತೆ, ಅಷ್ಟು ಆಟ. ಬೇರಿಂಗ್ ತೆಗೆದು ಡೀಸೆಲ್‌ನಲ್ಲಿ ತೊಳೆದು ನೋಡಿದ್ರೆ ಒಳಗಿನ ಟ್ರ್ಯಾಕು ಸಿಡುಬಿನ ಮುಖ. ಅಲ್ಲಿದ್ದ ಹುಡುಗ ಅದಕ್ಕೆ ಕಂಪ್ರೆಸರ್ ಗಾಳಿ ಹೊಡ್ದು ಗಿರಗಿರ ಸುತ್ಸಕ್ಕೆ ಹೋದ, ಮೇಸ್ತ್ರಿ ಸ್ಪ್ಯಾನರ್ ಎತ್ತಿದ್ರು. ಎಣ್ಣೆ ಇಲ್ದೆ ಹಂಗೆ ಸುತ್ಸಿದ್ರೆ ಚೆನ್ನಾಗಿರೋ ಬೇರಿಂಗೂ ಹಾಳಾಗುತ್ತೆ, ಒಡೆದು ಹಾರಿದ್ರೆ ಕಣ್ಣೂ ಹೋಗುತ್ತೆ.

ಮೂರನೇ ಗೇರಿನ ವಿಷ್ಯ ಮೇಲಿನ ಕವರ್ ತೆಗೆದಾಗ ಗೊತ್ತಾಯ್ತು. ಗೇರನ್ನ ಜಾಗದಲ್ಲಿ ಹಿಡಿಯೋ ಬಾಲ್ ಹಿಂದಿನ ಸ್ಪ್ರಿಂಗು ಕುಗ್ಗಿದೆ, ಹೊಸದರ ಪಕ್ಕ ಇಟ್ರೆ ಗಿಡ್ಡ. ಅದು ಚಿಲ್ಲರೆ. ಗೇರನ್ನ ಶಾಫ್ಟಿಗೆ ಜೋಡಿಸೋ ಬಳೆ, ಸ್ಲೀವು, ಅದರ ಹಲ್ಲು ಶುರೂಲಿ ಸ್ವಲ್ಪ ಓರೆ ಇರುತ್ತಂತೆ, ಭಾರ ಬಿದ್ದಷ್ಟೂ ಗೇರನ್ನ ಎಳ್ಕೊಂಡು ಹಿಡಿಯೋಕೆ, ಇಳಿಜಾರಲ್ಲಿ ಎಳೆತ ಬೀಳೋ ಮಗ್ಗುಲು ಗುಂಡಗಾಗಿದೆ. ಮತ್ತೆ ಸ್ಲೀವನ್ನ ಆ ಕಡೆ ಈ ಕಡೆ ಸರಿಸೋ ಫೋರ್ಕು. ಒಂದೇ ಕಡೆ ಕನ್ನಡಿ ಥರ ಹೊಳೀತಿದೆ, ಸುಮಾರು ಎರಡು ಮಿಲಿಮೀಟರ್ ಸವೆದಿದೆ, ಇನ್ನೊಂದು ಕಡೆ ಕಪ್ಪಗೆ ಹಂಗೇ ಇದೆ.

ಸ್ಲೀವು ಗೇರ್ ಜೊತೆ ಸುತ್ತುತ್ತೆ, ಫೋರ್ಕು ಸುತ್ತಲ್ಲ. ಗೇರು ಬಿದ್ದ ಮೇಲೆ ಎರಡರ ನಡುವೆ ಗಾಳಿ ಆಡ್ಬೇಕು. ಲಿವರ್ ಮೇಲೆ ಕೈ ಇಟ್ರೆ ಕೈ ಭಾರ ಫೋರ್ಕನ್ನ ಸ್ಲೀವಿಗೆ ಒತ್ತಿ ಹಿಡಿಯುತ್ತೆ, ಗಂಟೆಗಟ್ಟಲೆ. ಘಾಟಲ್ಲಿ ನಾನು ಜಾಸ್ತಿ ಇರೋದೇ ಮೂರರಲ್ಲಿ. ಮೇಸ್ತ್ರಿ ಫೋರ್ಕನ್ನ ನನ್ನ ಕೈಗೆ ಕೊಟ್ರು ಅಷ್ಟೇ. ಅಪ್ಪನೂ ಹಿಂಗೇ ಕೈ ಇಡ್ತಿದ್ರು ಅಂತ ಹೇಳೋಕೆ ಬಾಯಿ ತೆಗೆದೆ, ಸುಮ್ನಾದೆ, ಸ್ಟೇರಿಂಗ್ ನನ್ನ ಕೈಗೆ ಬಂದೇ ಒಂಬತ್ತು ವರ್ಷ ಆಯ್ತು.

ಈಗ ಲೆಕ್ಕ ಇಷ್ಟು: ಟಾಪ್ ಶಾಫ್ಟ್ ಬೇರಿಂಗು, ಬಿಚ್ಚಿದ ಮೇಲೆ ಲೇ ಶಾಫ್ಟಿಂದೂ ಎರಡು, ಫೋರ್ಕು, ಸ್ಲೀವು, ಸ್ಪ್ರಿಂಗು, ಸೀಲು, ಹೊಸ ಎಣ್ಣೆ. ಎಣ್ಣೆ ಕ್ಯಾನ್ ಮೇಲೆ ಜಿಎಲ್-4 ಅನ್ನೋ ಗ್ರೇಡು ನೋಡಿ ತಗೊಂಡು ಬಾ, ಹಿತ್ತಾಳೆ ಕೋನ್‌ಗೆ ಅದೇ ಒಳ್ಳೇದು ಅಂದಿದ್ದಾರೆ. ನಿನ್ನೆ ಹೇಳಿದ ರೇಟಲ್ಲಿ ಮೂರನೇ ಒಂದು ಭಾಗಾನೂ ಆಗಲ್ಲ. ಇಲ್ಲಿ ಸ್ಲೀವು ಸಿಗಲಿಲ್ಲ, ಬೆಂಗಳೂರು ಜೆ.ಸಿ. ರೋಡಿಗೇ ಹೋಗ್ಬೇಕು, ಮಾದರಿಗೆ ಹಳೇದನ್ನ ಪೇಪರಲ್ಲಿ ಸುತ್ತಿ ಬ್ಯಾಗಲ್ಲಿ ಇಟ್ಕೊಂಡಿದೀನಿ. ಬೆಳಗ್ಗೆ ಐದೂವರೆ ಬಸ್ಸು. ಬ್ರೀದರ್ ಕ್ಲೀನ್ ಮಾಡೋ ಕೆಲಸ ಕ್ಲೀನರ್ ಹುಡುಗನಿಗೆ ಹೇಳಿದೀನಿ, ಅವನು ಬ್ರೀದರ್ ಅಂದ್ರೆ ಏನಣ್ಣ ಅಂದ.