ಊಟಿಯ ಬಿಳಿ ಹುಲ್ಲು ನೋಡಬೇಕಾದರೆ ಬೆಟ್ಟ ಹತ್ತಬೇಡಿ, ತಗ್ಗಿಗೆ ಇಳಿಯಿರಿ

ಡಿಸೆಂಬರ್ ಬಂತೆಂದರೆ ತಾಳವಾಡಿ, ಗೂಡಲೂರು ಕಡೆಯವರು ಊಟಿಗೆ ಹೋಗಿ ಗಾಡಿಯನ್ನು ನೇರ ದೊಡ್ಡಬೆಟ್ಟಕ್ಕೆ ಹತ್ತಿಸುತ್ತಾರೆ. 2637 ಮೀಟರ್ ಎತ್ತರ, ಇಬ್ಬನಿ ಗಡ್ಡೆ ಕಟ್ಟಿ ಹುಲ್ಲು ಬೆಳ್ಳಗಾಗುವುದಾದರೆ ಅಲ್ಲೇ ಎಂಬ ಲೆಕ್ಕ. ಆ ಲೆಕ್ಕ ತಪ್ಪು.

ಮೋಡವಿಲ್ಲದ ರಾತ್ರಿ ನೆಲದ ಶಾಖವೆಲ್ಲ ಆಕಾಶಕ್ಕೆ ಹೋಗುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಇಳಿಜಾರಿನಲ್ಲಿ ನೀರಿನ ಹಾಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಊಟಿ ಹತ್ತಿರದ ತಲೈಕುಂದಾ, ಕಾಂದಲ್, ಪೇಟೆಯ ನಡುವಿನ ರೇಸ್ ಕೋರ್ಸ್ ಬಯಲು ಬೆಳ್ಳಗಾಗುವುದು ಹೀಗೆ. ಆಳೆತ್ತರದಲ್ಲಿ ಹಿಡಿದ ಥರ್ಮಾಮೀಟರ್ 3 ಡಿಗ್ರಿ ತೋರಿಸಿದರೂ ಹುಲ್ಲಿನ ಮೈ ಸೊನ್ನೆಗಿಂತ ಕೆಳಗಿರಬಹುದು. ಆಗ ಗಾಳಿಯ ಆವಿ ನೀರಾಗದೆ ನೇರ ಬಿಳಿ ಹರಳಾಗಿ ಕೂರುತ್ತದೆ. ಮೊದಲು ಇಬ್ಬನಿ ಬಿದ್ದು ಆಮೇಲೆ ಗಟ್ಟಿಯಾದದ್ದು ಗಾಜಿನ ಮಣಿಯಂತೆ ಪಾರದರ್ಶಕ. ಬಗ್ಗಿ ನೋಡಿದರೆ ಎರಡೂ ಬೇರೆ ಬೇರೆಯಾಗಿಯೇ ಕಾಣುತ್ತವೆ.

ಹಿಂದಿನ ರಾತ್ರಿಯೇ ಸುಳಿವು ಸಿಗುತ್ತದೆ. ಈಶಾನ್ಯ ಮಳೆ ನಿಂತು ಎರಡು ಮೂರು ದಿನ ಬಿಸಿಲು ಕಾದಿರಬೇಕು, ನೆಲದಲ್ಲಿ ಪಸೆ ಉಳಿದಿರಬೇಕು, ನಕ್ಷತ್ರ ನಿಚ್ಚಳವಾಗಿರಬೇಕು, ಎಲೆ ಅಲುಗಬಾರದು. ಗಾಳಿ ಬೀಸಿದರೆ ಮೇಲಿನ ಬೆಚ್ಚನೆ ಗಾಳಿ ಕೆಳಗೆ ಬೆರೆತು ಎಲ್ಲ ಕೆಡುತ್ತದೆ. ಮೋಡ ಕವಿದರೂ ಅಷ್ಟೇ.

ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುವುದರಿಂದ ಗುಂಡ್ಲುಪೇಟೆಯಿಂದ ಬೆಳಗಾಗುವಷ್ಟರಲ್ಲಿ ತಲುಪುವ ಮಾತಿಲ್ಲ. ಊಟಿಯಲ್ಲೇ ಉಳಿಯಿರಿ. 2024ರ ಮೇ ತಿಂಗಳಿಂದ ಹೊರಜಿಲ್ಲೆಯ ಗಾಡಿಗಳಿಗೆ ಇ-ಪಾಸ್ (ಪ್ರವೇಶದ ಅನುಮತಿ ಚೀಟಿ) ಬೇಕು, ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿಕೊಳ್ಳಿ. ಬೆಳಗ್ಗೆ 6ಕ್ಕೆ ತಗ್ಗಿನಲ್ಲಿರಬೇಕು. ಬಿಸಿಲು ತಾಗಿದ ಮೇಲೆ ಗಡ್ಡೆ ಬಹಳ ಹೊತ್ತು ನಿಲ್ಲುವುದಿಲ್ಲ. ಮರದ ನೆರಳಿನ ಪಟ್ಟಿ ಮಾತ್ರ ಕೊನೆಗೆ ಕರಗುತ್ತದೆ, ಫೋಟೊಗೆ ಅದೇ ಜಾಗ ಒಳ್ಳೆಯದು. ಕತ್ತಲಲ್ಲಿ ಕಾಟಿ (ಕಾಡುಕೋಣ) ರಸ್ತೆ ಬದಿಗೇ ಬರುತ್ತದೆ, ಗಾಡಿಯಿಂದ ದೂರ ಹೋಗಬೇಡಿ. ಗಾಜಿನ ಮೇಲಿನ ಗಡ್ಡೆಗೆ ಬಿಸಿನೀರು ಸುರಿದರೆ ಗಾಜು ಬಿರುಕು ಬಿಟ್ಟೀತು, ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆಯಿರಿ.

ಗಡ್ಡೆ ಕಟ್ಟಿದ ಹುಲ್ಲನ್ನು ತುಳಿಯಬಾರದು. ಗರಿಯೊಳಗಿನ ನೀರೂ ಗಟ್ಟಿಯಾಗಿರುತ್ತದೆ, ಕಾಲಿಟ್ಟಲ್ಲಿ ಮುರಿದು ಆಮೇಲೆ ಕಂದು ಹೆಜ್ಜೆ ಮೂಡುತ್ತದೆ. ಟೀ ಚಿಗುರಿಗೂ ಇದೇ ಗತಿ. ಒಂದೇ ರಾತ್ರಿಯಲ್ಲಿ ತೋಟ ಸುಟ್ಟಂತಾಗಿ ಕೊಯ್ಲು ನಿಲ್ಲುತ್ತದೆ. ಬೆಳೆಗಾರರು ಎಳೆ ಗಿಡಗಳಿಗೆ ಒಣಹುಲ್ಲು, ಸೊಪ್ಪು ಹೊದಿಸಿರುತ್ತಾರೆ. ಫೋಟೊಗೆಂದು ತೋಟಕ್ಕೆ ನುಗ್ಗಿ ಆ ಹೊದಿಕೆ ಸರಿಸಬೇಡಿ.