ಹರಳು ಒಡೆದ ದಿನ

ಅಮೆರಿಕದ ನ್ಯಾಶ್‌ವಿಲ್‌ಗೆ ಬಂದು ವರ್ಷವಾಗುತ್ತಾ ಬಂದಿತ್ತು. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಪಿಎಚ್‌ಡಿ ಮಾಡುತ್ತಿದ್ದೆ. ಜುಲೈ ತಿಂಗಳ ಒಂದು ಗುರುವಾರ ನನ್ನ ಗೈಡ್ ಕರೆದು, "ನಾಳೆ ಫಿಸ್ಕ್ ವಿಶ್ವವಿದ್ಯಾಲಯಕ್ಕೆ ಹೋಗು. ಲ್ಯಾಬಿನಲ್ಲಿ ಬೆಳೆಸಿದ ಹರಳು ಹಿಡಿಯುವುದು ಹೇಗೆ ಅಂತ ಕಲಿತು ಬಾ" ಅಂದರು. ಕಲಿತು ಬಾ ಅಂದದ್ದು ನನ್ನ ಕಿವಿಗೆ ಸರಿಯಾಗಿ ಬೀಳಲಿಲ್ಲ ಅಂತ ಕಾಣುತ್ತದೆ. ಮಾರನೆಯ ದಿನ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಕಲಿಸಲು ಹೊರಟವನ ಹಾಗೆ ಹೊರಟೆ.

ಎರಡು ಕ್ಯಾಂಪಸ್‌ಗಳ ನಡುವೆ ಎರಡು ಮೈಲಿಯ ಆಸುಪಾಸು. ನಮ್ಮ ತಿಪಟೂರಿನ ಲೆಕ್ಕದಲ್ಲಿ ಸೈಕಲ್ ಹತ್ತಿದರೆ ಕಾಲು ಗಂಟೆ. ಆದರೂ ಆ ಒಂದು ವರ್ಷದಲ್ಲಿ ನಾನು ಅತ್ತ ಕಾಲಿಟ್ಟಿರಲಿಲ್ಲ. ನನ್ನ ಜೊತೆಗಾರರಲ್ಲೂ ಹೋದವರು ಕಡಿಮೆ.

ಫಿಸ್ಕ್ ಶುರುವಾದದ್ದು 1866ರಲ್ಲಿ. ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾದ ಕಪ್ಪು ಜನರಿಗಾಗಿ ತೆರೆದ ಶಾಲೆ. ಐದು ವರ್ಷದಲ್ಲೇ ದುಡ್ಡಿಲ್ಲದೆ ಮುಚ್ಚುವ ಹಂತಕ್ಕೆ ಬಂತು. ಆಗ, 1871ರಲ್ಲಿ, ಒಂಬತ್ತು ವಿದ್ಯಾರ್ಥಿಗಳು ಊರೂರು ಸುತ್ತಿ ಹಾಡಲು ಹೊರಟರು. ಗುಲಾಮರಾಗಿದ್ದ ಹಿರಿಯರ ಹಾಡುಗಳನ್ನು ಹಾಡಿ ದುಡ್ಡು ಕೂಡಿಸಿದರು. ಆ ದುಡ್ಡಿನಲ್ಲಿ ಎದ್ದ ಜ್ಯುಬಿಲಿ ಹಾಲ್ ಇವತ್ತೂ ಅಲ್ಲಿ ನಿಂತಿದೆ. ನಮ್ಮದೋ, 1873ರಲ್ಲಿ ಹಡಗು ಮತ್ತು ರೈಲಿನ ಧಣಿ ಕಾರ್ನೀಲಿಯಸ್ ವ್ಯಾಂಡರ್‌ಬಿಲ್ಟ್ ಕೊಟ್ಟ ಹತ್ತು ಲಕ್ಷ ಡಾಲರಿನಲ್ಲಿ ಹುಟ್ಟಿದ್ದು. ಒಂದೇ ಊರಿನ ಎರಡು ಮನೆ, ಆದರೆ ಒಲೆ ಹಚ್ಚಿದ ಸೌದೆ ಬೇರೆ ಬೇರೆ.

ಮಧ್ಯೆ ಕಹಿಯೂ ಇದೆ. ಮೂರು ವರ್ಷ ನಾಗಪುರದಲ್ಲಿದ್ದು ಗಾಂಧಿಯ ಸತ್ಯಾಗ್ರಹ ಓದಿಕೊಂಡು ಹೋಗಿದ್ದ, ಕಪ್ಪು ಜನರ ಹಕ್ಕಿನ ಹೋರಾಟಗಾರ ಜೇಮ್ಸ್ ಲಾಸನ್, ಮುಂದೆ ವ್ಯಾಂಡರ್‌ಬಿಲ್ಟ್‌ನಲ್ಲಿ ಓದುತ್ತಿದ್ದರು. ಬಿಳಿಯರಿಗೆ ಮಾತ್ರ ಊಟ ಕೊಡುತ್ತಿದ್ದ ಕೌಂಟರುಗಳ ಮುಂದೆ ಏಟು ಬಿದ್ದರೂ ತಿರುಗಿ ಹೊಡೆಯದೆ ಕೂರುವುದು ಹೇಗೆ ಅಂತ ಫಿಸ್ಕ್ ಮುಂತಾದ ಕಾಲೇಜುಗಳ ಹುಡುಗ ಹುಡುಗಿಯರಿಗೆ ಹೇಳಿಕೊಟ್ಟರು. ಅದಕ್ಕೇ 1960ರಲ್ಲಿ ವ್ಯಾಂಡರ್‌ಬಿಲ್ಟ್ ಅವರನ್ನು ಹೊರಗೆ ಹಾಕಿತು. ಎಷ್ಟೋ ವರ್ಷದ ಮೇಲೆ ತಪ್ಪೊಪ್ಪಿಕೊಂಡು ಪಾಠ ಮಾಡಲು ಕರೆಸಿಕೊಂಡಿತು, ಅದು ಬೇರೆ ಮಾತು.

ಈ ಎರಡು ವಿಶ್ವವಿದ್ಯಾಲಯಗಳು ಸೇರಿ 2004ರಲ್ಲಿ ಶುರು ಮಾಡಿದ್ದೇ ಬ್ರಿಡ್ಜ್ ಕಾರ್ಯಕ್ರಮ. ವಿದ್ಯಾರ್ಥಿ ಮೊದಲು ಫಿಸ್ಕ್‌ನಲ್ಲಿ ಮಾಸ್ಟರ್ಸ್‌ಗೆ ಸೇರುತ್ತಾನೆ. ಫೀಸು, ಖರ್ಚು ನೋಡಿಕೊಳ್ಳುತ್ತಾರೆ. ಅಲ್ಲಿದ್ದಾಗಲೇ ವ್ಯಾಂಡರ್‌ಬಿಲ್ಟ್‌ನ ಕ್ಲಾಸಿಗೂ ಬರುತ್ತಾನೆ, ಎರಡೂ ಕಡೆಯ ಪ್ರೊಫೆಸರುಗಳ ಜೊತೆ ಸಂಶೋಧನೆ ಮಾಡುತ್ತಾನೆ. ಆಮೇಲೆ ಪಿಎಚ್‌ಡಿಗೆ ಇತ್ತ ದಾಟುತ್ತಾನೆ. ಹೀಗೆ ದಾಟಿ ಬಂದ ಫೇಬಿಯನ್ ಬಾಸ್ಟಿಯನ್, ನಕ್ಷತ್ರದ ಬೆಳಕಿನ ಮಿಣುಕಾಟದಿಂದ ಅದರ ಮೇಲ್ಮೈ ಗುರುತ್ವ ಅಳೆಯುವ ಬಗೆಯನ್ನು 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಆದರೆ ಈ ಕಾರ್ಯಕ್ರಮದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಒಂದೇ: ಸೇರಲು ಜಿಆರ್‌ಇ, ಅಂದರೆ ಅಮೆರಿಕದಲ್ಲಿ ಉನ್ನತ ಓದಿಗೆ ಬರೆಯುವ ಪ್ರವೇಶ ಪರೀಕ್ಷೆಯ ಅಂಕ ಕೇಳುವುದಿಲ್ಲ. ಸುಳ್ಳು ಯಾಕೆ ಹೇಳಲಿ, ಇದು ಸುಲಭದ ಬಾಗಿಲು ಅಂದುಕೊಂಡಿದ್ದೆ.

ಲ್ಯಾಬಿನಲ್ಲಿ ನನಗೆ ಕಲಿಸಬೇಕಿದ್ದವಳು ಬ್ರಿಡ್ಜ್ ವಿದ್ಯಾರ್ಥಿನಿ. ಅಲಬಾಮಾದವಳು, ನನಗಿಂತ ಮೂರು ವರ್ಷ ಚಿಕ್ಕವಳು. ನನ್ನ ಶರ್ಟು ನೋಡಿ, "ತೋಳು ಮಡಚಿ, ಉಂಗುರ ತೆಗೀರಿ" ಅಂದಳು. ಅಷ್ಟೇ ಸ್ವಾಗತ.

ಅವರು ಬೆಳೆಸುತ್ತಿದ್ದದ್ದು ಯುರೋಪಿಯಂ ಬೆರೆಸಿದ ಸ್ಟ್ರಾನ್ಷಿಯಂ ಅಯೊಡೈಡ್ ಹರಳು. ಪರಮಾಣು ವಸ್ತುಗಳಿಂದ ಹೊಮ್ಮುವ ಗಾಮಾ ಕಿರಣ ತಾಗಿದರೆ ನೀಲಿ ಬೆಳಕು ಚಿಮ್ಮಿಸುತ್ತದೆ. ಬಂದರಿನ ಕಂಟೇನರಿನಲ್ಲಿ ಕಳ್ಳತನದ ಪರಮಾಣು ವಸ್ತು ಇದೆಯಾ ಅಂತ ಪತ್ತೆ ಹಚ್ಚಲು ಇಂಥದ್ದು ಬೇಕು. ಇದರ ತಾಪತ್ರಯ ಎಂದರೆ ತೇವ. ಮಳೆಗಾಲದಲ್ಲಿ ತೆರೆದಿಟ್ಟ ಬೆಲ್ಲ ಹೇಗೆ ನೀರೊಡೆಯುತ್ತದೋ, ಹಾಗೆ ಇದೂ ಗಾಳಿಯ ನೀರು ಹೀರಿ ಹಾಳಾಗುತ್ತದೆ. ಅದಕ್ಕೇ ಕ್ವಾರ್ಟ್ಜ್ ಕೊಳವೆಯಲ್ಲಿ ಪುಡಿ ಹಾಕಿ ಸೀಲ್ ಮಾಡಿ, ಕುಲುಮೆಯಲ್ಲಿ ಕರಗಿಸಿ, ಆಮೇಲೆ ಕೊಳವೆಯನ್ನು ಬಿಸಿಯ ಕಡೆಯಿಂದ ತಣ್ಣನೆಯ ಕಡೆಗೆ ಇಳಿಸುತ್ತಾರೆ. ದಿನಗಟ್ಟಲೆ, ಕಣ್ಣಿಗೆ ಕಾಣದಷ್ಟು ನಿಧಾನ. ತುದಿಯಿಂದ ಹರಳು ಕಟ್ಟುತ್ತಾ ಬರುತ್ತದೆ. ಆತುರ ಮಾಡಿದರೆ ಬಿರುಕು. ಕೊಳವೆ ಒಡೆದು ಹರಳು ತೆಗೆಯುವುದೂ ಗ್ಲೋವ್ ಬಾಕ್ಸ್ ಒಳಗೇ, ಅಂದರೆ ಗಾಳಿಯಾಡದ, ಕೈಗವಸು ಜೋಡಿಸಿದ ಪೆಟ್ಟಿಗೆಯಲ್ಲಿ, ಆರ್ಗಾನ್ ಅನಿಲದಲ್ಲಿ.

ಬಾಕ್ಸಿನ ದಪ್ಪ ರಬ್ಬರ್ ಗ್ಲೋವ್ಸ್‌ಗೆ ಕೈ ತೂರಿಸಿ ಅವಳು ಮಾಡಿ ತೋರಿಸಿದಳು. ಮಾಡುತ್ತಲೇ ಕೇಳಿದಳು, "ನೀವು ಎಂಎಸ್ಸಿಯಲ್ಲಿ ಎಚ್‌ಸಿಎಲ್ ಸ್ಪೆಕ್ಟ್ರಮ್ ಓದಿದ್ದೀರಾ?" ಓದದೆ ಏನು! ಮೈಸೂರಿನ ಮಾನಸಗಂಗೋತ್ರಿಯಲ್ಲಿ ಹೈಡ್ರೋಜನ್ ಕ್ಲೋರೈಡ್ ಅನಿಲ ಯಾವ ಯಾವ ಬೆಳಕು ಹೀರುತ್ತದೆ ಅಂತ ತೋರಿಸುವ, ಬಾಚಣಿಗೆ ಹಲ್ಲಿನಂಥ ಆ ಗೆರೆಗಳನ್ನು ಪರೀಕ್ಷೆಗೆ ಅಂತ ಎಷ್ಟು ಸಲ ಬರೆದಿಲ್ಲ. "ಅವನ್ನು ಅಷ್ಟು ನಿಖರವಾಗಿ ಅಳೆದ ಎಲ್ಮರ್ ಐಮ್ಸ್ ಇಲ್ಲೇ ಓದಿದವನು. ಆಮೇಲೆ ಇಲ್ಲೇ ಫಿಸಿಕ್ಸ್ ಹೆಡ್ ಆದ." ಐಮ್ಸ್ 1918ರಲ್ಲಿ ಮಿಶಿಗನ್‌ನಲ್ಲಿ ಪಿಎಚ್‌ಡಿ ಪಡೆದವರು. ಅಮೆರಿಕದಲ್ಲಿ ಫಿಸಿಕ್ಸ್ ಪಿಎಚ್‌ಡಿ ಪಡೆದ ಎರಡನೇ ಕಪ್ಪು ವ್ಯಕ್ತಿ. ಅಣುಗಳು ಸುತ್ತುವುದಕ್ಕೂ ಕ್ವಾಂಟಂ ನಿಯಮ ಇದೆ, ಅವು ಮೆಟ್ಟಿಲು ಮೆಟ್ಟಿಲಾಗಿ ಮಾತ್ರ ಶಕ್ತಿ ಬದಲಿಸುತ್ತವೆ ಅಂತ ಅವರ ಅಳತೆಗಳು ತೋರಿಸಿದವು. ನನ್ನ ನೋಟ್ಸಿನಲ್ಲಿ ಗೆರೆಗಳಿದ್ದವು, ಆ ಹೆಸರು ಎಲ್ಲೂ ಇರಲಿಲ್ಲ.

ಮಾತು ಜಿಆರ್‌ಇಗೆ ಬಂತು. ಹಾಸ್ಟೆಲ್ ಗೋಡೆಗೆ ಇಂಗ್ಲಿಷ್ ಪದಗಳ ಪಟ್ಟಿ ಅಂಟಿಸಿಕೊಂಡು ಉರು ಹೊಡೆದದ್ದು, ಪರೀಕ್ಷೆ ಫೀಸಿಗೆ ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿದ್ದು, ಎಲ್ಲಾ ಹೇಳಿದೆ. ಸ್ವಲ್ಪ ಹೆಮ್ಮೆಯಿಂದಲೇ. "ಆ ಪದಗಳು ಇಲ್ಲಿ ಯಾವುದಕ್ಕೆ ಬಂದವು?" ಅಂದಳು. ಯೋಚಿಸಿದೆ. ಒಂದೂ ಬಂದಿರಲಿಲ್ಲ. "ನನ್ನನ್ನು ಕೂರಿಸಿಕೊಂಡು ಮಾತಾಡಿಸಿದರು. ಕೆಟ್ಟುಹೋದ ಒಂದು ಪ್ರಯೋಗದ ಬಗ್ಗೆ ಹೇಳು, ಆಮೇಲೆ ಏನು ಮಾಡಿದೆ ಹೇಳು ಅಂದರು. ಅದೇ ನನ್ನ ಪರೀಕ್ಷೆ."

ಆಮೇಲೆ ನನ್ನ ಸರದಿ. ಬಾಕ್ಸಿನ ತಳಕ್ಕೆ ಅವಳು ಮೆತ್ತನೆಯ ಒರೆಸುವ ಬಟ್ಟೆ ಹಾಸಿದ್ದಳು. ಕೈಗೆ ಅಡ್ಡ ಬರುತ್ತದೆ ಅಂತ ಅದನ್ನು ಪಕ್ಕಕ್ಕೆ ಸರಿಸಿದೆ. ಬೇಡ ಅಂತ ಅವಳು ಬಾಯಿ ತೆರೆಯುವಷ್ಟರಲ್ಲಿ ಚಿಮುಟ ಜಾರಿತು. ಹರಳು ಉಕ್ಕಿನ ತಳಕ್ಕೆ ಬಿತ್ತು. ಗಾಜಿನ ಈಚೆಗೆ ಸದ್ದೇ ಕೇಳಲಿಲ್ಲ. ಸುಮ್ನೆ ಎರಡಾಯಿತು. ವಾರಗಳ ಕೆಲಸ.

ಕಿವಿ ಬಿಸಿಯಾಯಿತು. ಗ್ಲೋವ್ಸ್‌ನಿಂದ ಕೈ ತೆಗೆಯಲೂ ಮನಸ್ಸಿಲ್ಲ, ತೆಗೆದರೆ ಮುಖ ನೋಡಬೇಕಲ್ಲ! ಅವಳು ಬೈಯಲಿಲ್ಲ. ಲಾಗ್ ಬುಕ್ ತಂದು ಮುಂದಿಟ್ಟು, "ಏನಾಯ್ತೋ ಹಾಗೇ ಬರೀರಿ, ಪೂರ್ತಿ ಹೆಸರು ಹಾಕಿ" ಅಂದಳು. ಇನಿಷಿಯಲ್ ಹಾಕಿದೆ. ಪೂರ್ತಿ ಬೇಕು ಅಂದಳು. ಒಂದು ಅಕ್ಷರ ಊರಿನದು, ಇನ್ನೊಂದು ಅಪ್ಪನದು, ಸರ್‌ನೇಮ್ ಅನ್ನೋದು ನಮಗಿಲ್ಲ ಅಂತ ವಿವರಿಸಬೇಕಾಯಿತು. "ಹಾಗಾದ್ರೆ ಒಡೆದಿದ್ದು ನೀವಾ, ಅಪ್ಪನಾ, ಊರಾ?" ಅಂದಳು. ಆಗ ನಗು ಬಂತು, ಇಬ್ಬರಿಗೂ.

ಹಿಂದಿನ ಪುಟಗಳನ್ನು ತಿರುವಿದೆ. ಬಿರುಕು, ಬಿರುಕು, ಕೊಳವೆ ಸೋರಿಕೆ, ಮತ್ತೆ ಬಿರುಕು. ಮೂರು ಕಡೆ ಅವಳದೇ ಕೈಬರಹ. ಪ್ರತಿಯೊಂದರ ಕೆಳಗೆ ಕಾರಣ ಮತ್ತು ಮುಂದಿನ ಸಲ ಏನು ಬದಲಿಸಬೇಕು ಅಂತ ಎರಡು ಸಾಲು. ನಾನೂ ಬರೆದೆ: ಬಟ್ಟೆ ಸರಿಸಿದೆ, ಸರಿಸಬಾರದಿತ್ತು.

ದೊಡ್ಡ ತುಂಡನ್ನು ಎಸೆಯಲಿಲ್ಲ. ಉಜ್ಜಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಸಂಜೆ ಗಾಮಾ ಕಿರಣ ಸೂಸುವ ಸೀಸಿಯಂ ಮೂಲದ ಮುಂದೆ ಹಿಡಿದೆವು. ಪರದೆಯ ಮೇಲೆ ಸೀಸಿಯಂನ ಗುರುತಾದ 662 ಕೆಇವಿ ಶಕ್ತಿಯ ಶಿಖರ ಸಣ್ಣಗೆ, ನೆಟ್ಟಗೆ ಎದ್ದಿತು. "ಕೆಲಸಕ್ಕೆ ಬರುತ್ತೆ" ಅಂದಳು.

ಮುಂದಿನ ಆಗಸ್ಟಿನಲ್ಲಿ ಅವಳು ಪಿಎಚ್‌ಡಿಗೆ ನಮ್ಮ ಕಟ್ಟಡಕ್ಕೆ ಬಂದಳು. ಆಫೀಸಿನವರು ನನ್ನನ್ನು ಕರೆದು, ಇವರು ಹೊಸಬರು, ಲ್ಯಾಬ್ ತೋರಿಸಿ ಅಂದರು. ಅವಳು ಮುಖ ಬಿಗಿ ಹಿಡಿದುಕೊಂಡು, "ಒರೆಸುವ ಬಟ್ಟೆ ಎಲ್ಲಿಡ್ತೀರಾ ತೋರಿಸಿ ಸಾಕು" ಅಂದಳು.