ಅಮಾವಾಸ್ಯೆ ದಿನ ಬೆಳದಿಂಗಳು ಎಲ್ಲಿಂದ ಬಂತು?

ದೆವ್ವದ ಸಾಹಸಕಥೆಗಳಲ್ಲಿ ನಂಬದವನ ಪಾಡು ನಾಯಿಪಾಡು. ಮೊದಲ ಅಧ್ಯಾಯದಲ್ಲಿ ನಗುತ್ತಾನೆ, ಮೂರನೆಯದರಲ್ಲಿ ಬೆವರುತ್ತಾನೆ, ಕೊನೆಗೆ ಒಂದೋ ಸಾಯುತ್ತಾನೆ, ಇಲ್ಲವೇ ತಾಯತ ಕಟ್ಟಿಸಿಕೊಂಡು ಮನೆಗೆ ಬರುತ್ತಾನೆ. ಅವನು ಕೇಳಿದ ಪ್ರಶ್ನೆಗಳಿಗೆ ಉತ್ತರ ಮಾತ್ರ ಯಾರೂ ಕೊಟ್ಟಿರುವುದಿಲ್ಲ. ನನಗೆ ಇದು ಮೋಸ ಅನಿಸುತ್ತೆ.

ಅದಕ್ಕೇ ನಾನು ಈಗ ಬರೆಯುತ್ತಿರುವ ಕಥೆಯಲ್ಲಿ ನಂಬದವನೇ ನಾಯಕ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ, ಒಂದು ಅಂಗಡಿಯ ಮಹಡಿ ಮೇಲೆ ಸಣ್ಣ ಮಾಸಪತ್ರಿಕೆ ನಡೆಸುವ ಸಂಪಾದಕರು. ಹುಡುಗ ವರದಿಗಾರ ಒಬ್ಬ ಸ್ಕಂದಗಿರಿಯ ಮೇಲೆ ರಾತ್ರಿ ಓಡಾಡುವ ಬೆಳಕಿನ ಬಗ್ಗೆ ನಾಲ್ಕು ಪುಟ ಬರೆದು ತರುತ್ತಾನೆ. ಸಾರ್ ಕೆಂಪು ಪೆನ್ನು ತೆಗೆಯುತ್ತಾರೆ. "ಭಯಾನಕ" ಹೋಯಿತು. "ಎದೆ ಝಲ್ಲೆನಿಸುವ" ಹೋಯಿತು. "ಅಮಾವಾಸ್ಯೆಯ ಆ ರಾತ್ರಿ, ಬೆಳದಿಂಗಳಲ್ಲಿ ಬೆಟ್ಟ ಮಿನುಗುತ್ತಿತ್ತು" ಅನ್ನುವ ಸಾಲಿಗೆ ಬಂದಾಗ ಪೆನ್ನು ನಿಲ್ಲುತ್ತದೆ.

"ಅಮಾವಾಸ್ಯೆ ದಿನ ಬೆಳದಿಂಗಳು ಎಲ್ಲಿಂದ ತಂದೆಯಯ್ಯಾ?"

"ಸಾರ್, ಅವರು ಹೇಳಿದ್ದು ಹಾಗೇ."

"ಅವರು ಅಂದ್ರೆ ಯಾರು? ಕಣ್ಣಾರೆ ನೋಡಿದವರಾ?"

"ಇಲ್ಲ ಸಾರ್, ಅವರ ಭಾವಮೈದ ನೋಡಿದ್ದಂತೆ."

ಈ ಭಾವಮೈದ ನಮ್ಮ ಕಡೆ ಎಲ್ಲ ದೆವ್ವದ ಕಥೆಯಲ್ಲೂ ಇದ್ದೇ ಇರುತ್ತಾನೆ, ಆದರೆ ಯಾವಾಗಲೂ ಪಕ್ಕದ ಊರಲ್ಲಿ ಇರುತ್ತಾನೆ. ನೀವು ಆ ಊರಿಗೆ ಹೋದರೆ ಅವನೂ ತನ್ನ ಭಾವಮೈದನ ಕಡೆ ಕೈ ತೋರಿಸುತ್ತಾನೆ. ನನ್ನ ಸಂಪಾದಕರ ಸಾಹಸ ಅಂದ್ರೆ ಇಷ್ಟೇ: ಕೊನೆಯ ಭಾವಮೈದ ಸಿಗುವವರೆಗೂ ಹೋಗುವುದು.

ಇಂಥ ಮನುಷ್ಯ ನಮ್ಮ ಜಿಲ್ಲೆಯಲ್ಲಿ ಇರಲು ಸಾಧ್ಯವೇ ಅಂತ ಗೆಳೆಯ ಕೇಳಿದ. ಯಾಕಿಲ್ಲ? ಎಚ್. ನರಸಿಂಹಯ್ಯನವರು ಹುಟ್ಟಿದ್ದು 1920ರಲ್ಲಿ, ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಭೌತಶಾಸ್ತ್ರದ ಮೇಷ್ಟ್ರು, ಗಾಂಧಿವಾದಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷೆ ಮಾಡಲು ಒಂದು ಸಮಿತಿಯನ್ನೇ ಮಾಡಿದವರು. ಸುಮ್ನೆ ಗೇಲಿ ಮಾಡಿ ಕೂತವರಲ್ಲ, ಬನ್ನಿ, ಮಾಡಿ ತೋರಿಸಿ, ನೋಡೋಣ ಅಂದವರು. ನನ್ನ ಸಂಪಾದಕರ ಮೇಜಿನ ಹಿಂದೆ ಅವರ ಫೋಟೋ ಒಂದನ್ನು ತೂಗುಹಾಕಿದ್ದೇನೆ. ಕಥೆಯಲ್ಲಿ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಇರಲಿ ಅಂತ.

ಬರೆಯುತ್ತಾ ಹೋದ ಹಾಗೆ ಒಂದು ಗೊತ್ತಾಯಿತು. ನಂಬದವನು ಕಥೆಯ ಭಯ ಕಮ್ಮಿ ಮಾಡುವುದಿಲ್ಲ, ಜಾಸ್ತಿ ಮಾಡುತ್ತಾನೆ, ಆದರೆ ಅವನು ತನ್ನ ಉತ್ತರಗಳನ್ನೂ ಅಷ್ಟೇ ಅನುಮಾನದಿಂದ ನೋಡಬೇಕು. ಕೊಳ್ಳಿದೆವ್ವದ ವಿಷಯವೇ ತಗೊಳ್ಳಿ. ವರದಿಗಾರ ಹುಡುಗ ಬುದ್ಧಿವಂತ, ಎಲ್ಲೋ ಓದಿಕೊಂಡು ಬಂದು "ಸಾರ್, ಅದು ಜೌಗು ನೆಲದ ಗ್ಯಾಸ್, ಮೀಥೇನ್" ಅನ್ನುತ್ತಾನೆ. ಸಾಮಾನ್ಯವಾಗಿ ಕಥೆಗಳಲ್ಲಿ ವಿಚಾರವಾದಿ ಇಷ್ಟಕ್ಕೇ ಗೆದ್ದುಬಿಡುತ್ತಾನೆ. ನನ್ನ ಸಂಪಾದಕರು ಒಪ್ಪುವುದಿಲ್ಲ. ಮೀಥೇನ್ ತಾನಾಗಿ ಹೊತ್ತಿಕೊಳ್ಳುವ ಗ್ಯಾಸ್ ಅಲ್ಲ, ಅದಕ್ಕೆ ಕಿಡಿ ಬೇಕು. ಕಿಡಿ ಹಚ್ಚಿದವರು ಯಾರು? ಅದೂ ಅಲ್ಲದೆ ನಮ್ಮದು ಒಣ ಜಿಲ್ಲೆ, ಬೋರ್‌ವೆಲ್ ಸಾವಿರ ಅಡಿ ಕೊರೆದರೂ ಧೂಳು ಬರುವ ಊರುಗಳಿವೆ. ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಹೆಬ್ಬಾಳ–ನಾಗವಾರ ಯೋಜನೆಯಲ್ಲಿ ಬಿಟ್ಟ ಕೆರೆಗಳನ್ನು ಬಿಟ್ಟರೆ ಜೌಗು ಎಲ್ಲಿದೆ? ಬೆಟ್ಟದ ನೆತ್ತಿಯಲ್ಲಂತೂ ಬರೀ ಬಂಡೆ. "ದೆವ್ವ ಅನ್ನೋದೂ ಕೇಳಿದ ಮಾತು, ಗ್ಯಾಸ್ ಅನ್ನೋದೂ ಕೇಳಿದ ಮಾತು. ನಡಿ, ಹತ್ತೋಣ."

ಹತ್ತಿದ ಮೇಲೆ ಬೆಳಕಿನ ಗುಟ್ಟು ಅರ್ಧ ರಟ್ಟಾಗುತ್ತದೆ. ಸ್ಕಂದಗಿರಿಗೆ ಸೂರ್ಯೋದಯ ನೋಡಲು ಬೆಂಗಳೂರಿನಿಂದ ಕತ್ತಲಲ್ಲೇ ಬರುವ ಟ್ರೆಕ್ಕಿಂಗ್ ಹುಡುಗರು, ಹಣೆಗೆ ಕಟ್ಟಿದ ಟಾರ್ಚು. ಕೆಳಗಿನ ಕಳವಾರದ ಜಗಲಿಯಿಂದ ನೋಡುವ ಅಜ್ಜಿಗೆ ಸಾಲಾಗಿ ಮೇಲೇರುವ ಬೆಂಕಿ.

ಆದರೆ ಬೆಳಗಾಗುತ್ತಿದ್ದಂತೆ ಇನ್ನೊಂದು ಆಗುತ್ತದೆ. ಹಾಳು ಕೋಟೆಯ ಗೋಡೆ ಮೇಲೆ ಇಬ್ಬರೂ ನಿಂತಿದ್ದಾರೆ. ಹಿಂದೆ ಸೂರ್ಯ, ಮುಂದೆ ಕೆಳಗೆ ಕಣಿವೆ ತುಂಬಾ ಮಂಜು. ಆ ಮಂಜಿನ ಮೇಲೆ ಭಾರೀ ಗಾತ್ರದ ಒಂದು ಆಕಾರ, ತಲೆಯ ಸುತ್ತ ಬಣ್ಣದ ಪ್ರಭಾವಳಿ. ಹುಡುಗ ಕೈ ಮುಗಿದೇಬಿಟ್ಟ. ಸಂಪಾದಕರಿಗೂ ಮೈ ಜುಮ್ ಅಂದಿದೆ, ಅದನ್ನು ನಾನು ಮುಚ್ಚಿಟ್ಟಿಲ್ಲ. ಆದರೂ ಕೇಳುತ್ತಾರೆ, "ಬಣ್ಣದ ಉಂಗುರ ಯಾರ ತಲೆ ಸುತ್ತ ಕಾಣ್ತಿದೆ?"

"ನನ್ನ ನೆರಳಿನ ತಲೆ ಸುತ್ತ, ಸಾರ್."

"ನನಗೆ ನನ್ನದರ ಸುತ್ತ ಕಾಣ್ತಿದೆ. ನಿನ್ನದರ ಸುತ್ತ ಏನೂ ಇಲ್ಲ."

ಇದು ನಿಜವಾಗಿ ಆಗುವಂಥದ್ದೇ. ಜರ್ಮನಿಯ ಬ್ರಾಕನ್ ಬೆಟ್ಟದ ಹೆಸರಲ್ಲಿ ಇದನ್ನು ಬ್ರಾಕನ್ ಸ್ಪೆಕ್ಟರ್ ಅನ್ನುತ್ತಾರೆ. ಮಂಜಿನ ಹನಿಗಳಿಂದ ಬೆಳಕು ಬಂದ ದಾರಿಯಲ್ಲೇ ಹಿಂದಕ್ಕೆ ಬರುವುದರಿಂದ ಪ್ರತಿಯೊಬ್ಬರಿಗೂ ಪ್ರಭಾವಳಿ ಕಾಣುವುದು ತಮ್ಮ ತಲೆಯ ಸುತ್ತ ಮಾತ್ರ. ನನಗಂತೂ ಯಾವ ದೆವ್ವಕ್ಕಿಂತ ಇದೇ ಜಾಸ್ತಿ ರೋಮಾಂಚನ. ಎಲ್ಲರೂ ತಾವೇ ದೇವರು ಅಂದುಕೊಂಡು ಇಳಿಯಬಹುದಾದ ಬೆಟ್ಟ!

ಮಧ್ಯೆ ಒಬ್ಬ ಮಂತ್ರವಾದಿಯೂ ಬರುತ್ತಾನೆ. ಬಾಗೇಪಲ್ಲಿ ಕಡೆಯ ಹುಡುಗಿಯೊಬ್ಬಳಿಗೆ ದಯ್ಯಂ ಹಿಡಿದಿದೆ ಅಂತ ಬೇವಿನ ಬರಲು ಹಿಡಿದು ನಿಂತಿದ್ದಾನೆ. ದೆವ್ವ ಇದೆಯೋ ಇಲ್ಲವೋ ಅಂತ ಅಲ್ಲಿ ಸಂಪಾದಕರು ವಾದಕ್ಕೆ ನಿಲ್ಲುವುದಿಲ್ಲ. ದೆವ್ವ ಬಿಡಿಸುವ ಹೆಸರಲ್ಲಿ ಹೊಡೆಯುವುದು ಕರ್ನಾಟಕದ 2017ರ ವಾಮಾಚಾರ ತಡೆ ಕಾಯ್ದೆ ಪ್ರಕಾರ ಅಪರಾಧ ಅಂತ ಹೇಳಿ ಪೊಲೀಸರಿಗೆ ಫೋನ್ ಮಾಡುತ್ತಾರೆ. ಅನುಮಾನಕ್ಕೂ ಒಂದು ಕೆಲಸ ಇರಬೇಕಲ್ವಾ.

"ಒಂದಾದ್ರೂ ದೆವ್ವ ಇಡೋ ಮಾರಾಯ" ಅಂತ ಗೆಳೆಯನ ಒತ್ತಾಯ ನಡೆದೇ ಇದೆ. ಒಂದು ಇಟ್ಟಿದ್ದೇನೆ ಅನ್ನಬಹುದು. ಅರಣ್ಯ ಇಲಾಖೆ ಬೆಟ್ಟಕ್ಕೆ ಯಾರನ್ನೂ ಬಿಡದ ವಾರದಲ್ಲೂ ಕೋಟೆಯ ಮೇಲೆ ಒಂದು ಬೆಳಕು ಕಾಣುತ್ತದೆ, ಈ ಸಲ ನೋಡಿದವರು ಸ್ವತಃ ಸಂಪಾದಕರು. ಟಾರ್ಚಿಲ್ಲ, ಮಂಜಿಲ್ಲ, ಭಾವಮೈದನೂ ಇಲ್ಲ. ಅವರು ತಾರೀಖು, ಗಂಟೆ, ನಿಂತಿದ್ದ ಜಾಗ ಬರೆದು, ಕೆಳಗೆ "ಕಾರಣ ಗೊತ್ತಾಗಿಲ್ಲ" ಅಂತ ಸೇರಿಸಿ ಅಚ್ಚಿಗೆ ಕೊಡುತ್ತಾರೆ. ಹುಡುಗ ಪ್ರೂಫ್‌ನಲ್ಲಿ "ದೆವ್ವವೇ?" ಅಂತ ತಲೆಬರಹ ಸೇರಿಸಿದ್ದ. ಸಾರ್ ಅದನ್ನು ಹೊಡೆದು ಹಾಕಿ, ಬದಲಿಗೆ ಬರೀ ತಾರೀಖನ್ನೇ ತಲೆಬರಹ ಮಾಡಿದ್ದಾರೆ. ಗೆಳೆಯನಿಗೆ ಇನ್ನೂ ಸಮಾಧಾನ ಇಲ್ಲ.